ಉರಿಯದ ಕಂಬ, ಉರಿಯುವ ಗೊಂಬೆ

ತುಮಕೂರಿನ ಮರಳೂರಿನಲ್ಲಿ ನಮ್ಮ ಬೀದಿಯ ತಿರುವಿನಲ್ಲಿರುವ ಕಂಬದ ದೀಪ ಉರಿಯುತ್ತಿಲ್ಲ. ಉರಿಯುತ್ತಿದೆ ಎಂದು ಬರೆದು ದೀಪದ ಆಫೀಸಿನವರು ನನ್ನ ದೂರನ್ನು ಮುಚ್ಚಿದ್ದಾರೆ. ಇದು ತಪ್ಪು. ಆದರೆ ತಪ್ಪು ಮಾಡಿದವರನ್ನು ಸುಳ್ಳುಗಾರರು ಅನ್ನುವ ಹಾಗೂ ಇಲ್ಲ. ಅವರ ಕೈಯಲ್ಲಿ ಸಾಕ್ಷಿ ಇದೆ, ಆ ಸಾಕ್ಷಿಯನ್ನು ತಯಾರು ಮಾಡಿ ಕೊಟ್ಟವನು ನಾನೇ. ಇದು ಹೇಗಾಯಿತು ಎಂದು ನನಗೇ ಪೂರ್ತಿ ಅರ್ಥವಾಗಿಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನಾನು ಅಂಗಡಿ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂತು, ಕುಂಚ ಮೂಲೆ ಸೇರಿತು. ಈಗ ಹೆಬ್ಬೆರಳುದ್ದದ ಮಣ್ಣಿನ ಗೊಂಬೆಗಳಿಗೆ ಬಣ್ಣ ಹಚ್ಚುತ್ತೇನೆ. ಬಣ್ಣ ಎಲ್ಲರೂ ಹಚ್ಚುತ್ತಾರೆ, ನಾನು ಬೆಳಕು ಹಚ್ಚುತ್ತೇನೆ. ಗೊಂಬೆಯ ಕೈಯಲ್ಲಿ ಲಾಟೀನಿದ್ದರೆ ಅದು ಉರಿಯುತ್ತಿರಬೇಕು, ಅದರ ಹಳದಿ ಗೊಂಬೆಯ ಗಲ್ಲದ ಮೇಲೆ, ಸೆರಗಿನ ಅಂಚಿನ ಮೇಲೆ ಬಿದ್ದಿರಬೇಕು. ಒಳಗೆ ಬಲ್ಬಿಲ್ಲ, ಸೆಲ್ಲಿಲ್ಲ, ವೈರಿಲ್ಲ. ಎಲ್ಲಾ ಕುಂಚದ್ದೇ ಕೆಲಸ. ಈ ಕೆಲಸ ಹಿಡಿದ ದಿನದಿಂದ ಒಂದಲ್ಲ ಒಂದು ಗೊಂದಲ ಬಾಗಿಲು ತಟ್ಟುತ್ತಲೇ ಇದೆ. ನೀರಿಗೆ, ರೇಷನ್ನಿಗೆ, ಚರಂಡಿಗೆ ಅಂತ ನಾನು ಬಹಳ ಕಡೆ ಜಗಳ ಆಡಿದವನು. ಅಲ್ಲೆಲ್ಲ ಎದುರಿನವನು ನನ್ನನ್ನು ಯಾಕೆ ಬೈಯುತ್ತಿದ್ದಾನೆ ಅನ್ನುವುದಾದರೂ ತಿಳಿಯುತ್ತಿತ್ತು.

೧. ಬಾಗಿಲು ಹಾಕಿದ ಕೋಣೆ

ಈ ವಿದ್ಯೆಯನ್ನು ನನಗೆ ಯಾರೂ ಕಲಿಸಲಿಲ್ಲ. ಮೊಬೈಲಿನಲ್ಲಿ ಯಾವುದೋ ದೇಶದವನೊಬ್ಬ ಆಟದ ಸಿಪಾಯಿಯ ಕೈಯಲ್ಲಿನ ಪಂಜಿಗೆ ಹೀಗೆ ಬಣ್ಣ ಹಾಕುವುದನ್ನು ನೋಡಿದೆ. ಅವನ ಮಾತು ಒಂದಕ್ಷರ ಅರ್ಥವಾಗಲಿಲ್ಲ. ಕೈ ಅರ್ಥವಾಯಿತು. ಹಗಲು ಹೊತ್ತಿನಲ್ಲೇ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಒಂದು ಮೇಣದಬತ್ತಿ ಹಚ್ಚಿ, ಅದರ ಪಕ್ಕ ಬಣ್ಣವಿಲ್ಲದ ಗೊಂಬೆ ಇಟ್ಟುಕೊಂಡು ಕೂತೆ. ದೀಪಕ್ಕೂ ಕಣ್ಣಿದೆ ಅಂದುಕೊಳ್ಳಿ. ಅದರ ಕಣ್ಣಿಗೆ ಬೀಳುವ ಕಡೆ ಬೆಳಕು, ಬೀಳದ ಕಡೆ ಕತ್ತಲೆ. ಮೂಗಿನ ಈ ಪಕ್ಕ ಹಳದಿಯಾದರೆ ಆ ಪಕ್ಕ ಕಪ್ಪು. ಇಷ್ಟು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಎದುರುಮನೆಯಾಕೆ ಕಿಟಕಿಯ ಸಂದಿಯಲ್ಲಿ ನೋಡಿಬಿಟ್ಟಿದ್ದಳು. ಮುಚ್ಚಿದ ಕೋಣೆ, ಉರಿಯುವ ಮೇಣ, ಮಣ್ಣಿನ ಗೊಂಬೆ, ಸೂಜಿಯಂಥ ಕುಂಚವನ್ನು ಗೊಂಬೆಯ ಕಣ್ಣಿಗೆ ಹಿಡಿದು ಬಾಯಲ್ಲಿ ಏನೋ ಗೊಣಗುತ್ತಿರುವ ಗಂಡಸು. ಗೊಣಗುತ್ತಿದ್ದುದು ಮಂತ್ರವಲ್ಲ, ನಲ್ಲಿ ನೀರು ಬಿಡದವರಿಗೆ ಬೈಗುಳ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಎರಡು ದಿನ ಬೀದಿಯವರು ನನ್ನ ಮನೆಯ ಕಡೆ ತಲೆ ಹಾಕಲಿಲ್ಲ. ಹಾಲಿನವನು ಪಾಕೀಟನ್ನು ಗೇಟಿಗೆ ಸಿಕ್ಕಿಸಿ ಓಡಿದ. ನನಗೆ ಎದುರಾಡುತ್ತಿದ್ದವರೆಲ್ಲ ದಾರಿ ಬಿಟ್ಟು ನಿಂತರು.

ಮೂರನೆಯ ದಿನ ಎದುರುಮನೆಯಾಕೆ ತಾನೇ ಬಂದಳು. ಬಂದವಳು ಬಾಗಿಲು ಹಾಕಿಕೊಂಡಳು. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ಸಿದ್ಧನಾದೆ. ಮಾಟ ಎಂಬುದಿಲ್ಲ, ಇದು ಮಣ್ಣು, ಇದು ಮೇಣ, ಗೊಂಬೆಗೆ ಕಪ್ಪು ಹಚ್ಚಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಫೋಟೋ ತೆಗೆದಳು.

"ನೀ ಹೇಳಿದ್ದೆಲ್ಲಾ ಸರಿ ಕಣಣ್ಣ. ಇವ್ಳು ನಮ್ ನಾದಿನಿ. ಪೂರ್ತಿ ಬ್ಯಾಡ, ಅರ್ಧ ಕಪ್ಪು ಮಾಡ್ಕೊಡು ಸಾಕು."

೨. ಗುಬ್ಬಿಯ ಲೈನ್‌ಮನ್

ಆ ತಿಂಗಳೇ ತಿರುವಿನ ದೀಪ ಕೆಟ್ಟಿತು. ಕಂಬದ ಬೆಳಕನ್ನು ನಾನೇ ಇಳಿಸಿಕೊಂಡು ಗೊಂಬೆಗೆ ತುಂಬಿದೆ ಎಂದು ಬೀದಿಯಲ್ಲಿ ಮಾತಾಯಿತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಹೂವಿನಮ್ಮ ಬಿದ್ದರು.

ಹೂವಿನಮ್ಮ ಎಂದರೆ ನಮ್ಮ ಬೀದಿಯ ಕೊನೆಯ ಮನೆಯ ಮುದುಕಿ. ಸಂಜೆ ಬಸ್ ಸ್ಟಾಪಿನಲ್ಲಿ ಮಲ್ಲಿಗೆ, ಕನಕಾಂಬರ ಮಾರಿ ಏಳು ಗಂಟೆಗೆ ಬುಟ್ಟಿ ಹೊತ್ತು ಮನೆಗೆ ಬರುತ್ತಿದ್ದರು. ತಿರುವಿನ ಕತ್ತಲಲ್ಲಿ ಚಪ್ಪಡಿಯಿಲ್ಲದ ಮೋರಿಗೆ ಕಾಲಿಟ್ಟು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿತು, ಹೆದರಿಕೆ ಹೋಗಲಿಲ್ಲ. ಸಂಜೆ ಹೊರಗೆ ಬರುವುದನ್ನೇ ಬಿಟ್ಟರು. ಬೆಳಗ್ಗೆ ಮಾರಿ ಅಂದರೆ, "ಬೆಳಗ್ಗೆ ಎಲ್ಲಾರ್ ಮನೇಲೂ ದಾಸವಾಳ ಇರ್ತದೆ, ನನ್ ಹೂವ ಯಾರ್ ಕೇಳ್ತಾರೆ" ಅಂದರು. ನಾನು ದೀಪದ ಆಫೀಸಿಗೆ ಮೂರು ಅರ್ಜಿ ಬರೆದೆ. ಮೂರಕ್ಕೂ ಉತ್ತರವಿಲ್ಲ.

ಹೀಗಿರುವಾಗ ಗುಬ್ಬಿಯಿಂದ ಫೋನು ಬಂತು. ಅಲ್ಲಿನ ಒಂದು ಮನೆಯ ಸೊಸೆ ದಸರಾ ಗೊಂಬೆ ಸಾಲಿಗೆಂದು ಲಾಟೀನು ಹಿಡಿದ ಅಜ್ಜಿ ಗೊಂಬೆಯೊಂದನ್ನು ನನ್ನಿಂದ ಒಯ್ದಿದ್ದಳು. ಫೋನು ಮಾಡಿದವರು ಅವಳ ಮಾವ, ರಿಟೈರಾದ ಲೈನ್‌ಮನ್. ಗೊಂಬೆಯಲ್ಲಿ ಫಾಲ್ಟ್ ಇದೆ, ಕೂಡಲೇ ಬರಬೇಕು ಎಂದರು.

ಹೋದೆ. ಅವರು ಗೊಂಬೆಯನ್ನು ತಲೆಕೆಳಗು ಮಾಡಿ, ಟೆಸ್ಟರ್ ಹಚ್ಚಿ, ಸ್ವಿಚ್ಚು ಹುಡುಕಿ ಹುಡುಕಿ ಸೋತಿದ್ದರು. ನನ್ನನ್ನು ಗೊಂಬೆಯ ಮುಂದೆ ನಿಲ್ಲಿಸಿ, ಕಿಟಕಿ ಮುಚ್ಚಿ, ಹೋಗಿ ಮೇನ್ ಆಫ್ ಮಾಡಿದರು. ಮನೆ ಕತ್ತಲಾಯಿತು. ಗೊಂಬೆಯೂ ಕತ್ತಲಾಯಿತು. ಮೇನ್ ಆನ್ ಮಾಡಿದರು. ಟ್ಯೂಬ್‌ಲೈಟ್ ಹತ್ತಿತು, ಅಜ್ಜಿಯ ಲಾಟೀನೂ ಹತ್ತಿತು.

"ನೋಡಿದ್ರಾ? ಮೇನ್ ಆಫ್ ಆದ್ರೆ ಇದೂ ಆಫು, ಆನ್ ಆದ್ರೆ ಇದೂ ಆನು. ಮೂವತ್ ವರ್ಷ ಕಂಬ ಹತ್ತಿದೀನಿ ಕಣ್ರೀ, ನನಗೇ ಹೇಳ್ಕೊಡಬ್ಯಾಡಿ. ಇದು ನಮ್ ಮೀಟರ್‌ನಿಂದ್ಲೇ ಎಳೀತಾ ಐತೆ."

ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ ಸ್ವಾಮಿ, ಬಣ್ಣ ಕಾಣದಿದ್ದರೆ ಬೆಳಕೂ ಕಾಣುವುದಿಲ್ಲ ಎಂದು ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. ವಾದ ಮಾಡಿ ಇಬ್ಬರಿಗೂ ಬಾಯಿ ಒಣಗಿತು. ಸೊಸೆ ಕಾಫಿ ತಂದಳು. ಕಾಫಿ ಕುಡಿಯುತ್ತ ನಮ್ಮ ಕಂಬದ ಕಥೆ ಹೇಳಿದೆ. ಆ ವಿಷಯದಲ್ಲಿ ಮಾತ್ರ ಅವರು ನನ್ನ ಕಡೆಯೇ ನಿಂತರು. ಆಫೀಸಿನಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ, ಚಿತ್ರ ಇದ್ದರೆ ನೋಡುತ್ತಾರೆ, ಅರ್ಜಿಯ ಜೊತೆ ಒಂದು ಫೋಟೋ ಇಡಿ ಎಂದರು. ಒಳ್ಳೆಯ ಸಲಹೆ ಎಂದು ನಂಬಿದೆ.

ಹೊರಡುವ ಮೊದಲು ಕೊನೆಯ ಪ್ರಯತ್ನ ಮಾಡಿದೆ. ಅಡುಗೆಮನೆಯಿಂದ ಫಳಫಳ ಹೊಳೆಯುವ ಹಿತ್ತಾಳೆ ಚೊಂಬು ತರಿಸಿ ಗೊಂಬೆಯ ಪಕ್ಕ ಇಡಿಸಿದೆ. ಮೇನ್ ಆಫ್ ಮಾಡಿಸಿದೆ. ಚೊಂಬೂ ಕತ್ತಲಾಯಿತು. ಆನ್ ಮಾಡಿಸಿದೆ. ಚೊಂಬೂ ಹೊಳೆಯಿತು. ಈಗ ಏನಂತೀರಿ ಎಂದೆ.

ಅವರು ಚೊಂಬನ್ನೆತ್ತಿ ಅದರ ತಳಕ್ಕೂ ಟೆಸ್ಟರ್ ಹಚ್ಚಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಹಂಗಾರೆ ಇಷ್ಟ್ ವರ್ಷದಿಂದ ಚೊಂಬೂ ಎಳೀತಾ ಐತೆ ಕಣಮ್ಮ. ಒಳಗಿಟ್ಬುಡು."

೩. ಕುಣಿಗಲ್ಲಿನ ಅರ್ಧ ಮುಖ

ಕುಣಿಗಲ್ಲಿನ ಒಂದು ಮನೆಯವರು ತೀರಿಹೋದ ತಮ್ಮ ಹಿರಿಯರ ಗೊಂಬೆ ಬೇಕೆಂದರು. ಆತ ಬದುಕಿಡೀ ಅಲ್ಲಿನ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಂಡಿದ್ದವರು. ಸಂಜೆ ಲಾಟೀನು ಹಿಡಿದು ಮರಿಕುದುರೆಗಳನ್ನು ಎಣಿಸಿ ಬಂದ ಮೇಲೆಯೇ ಊಟ ಮಾಡುತ್ತಿದ್ದರಂತೆ. ನಾನು ಹಾಗೆಯೇ ಮಾಡಿದೆ. ಬಲಗೈಯಲ್ಲಿ ಲಾಟೀನು, ಪಕ್ಕದಲ್ಲಿ ಮರಿಕುದುರೆ. ಲಾಟೀನಿನ ಕಡೆಯ ಗಲ್ಲಕ್ಕೆ ಹಳದಿ, ಆಚೆ ಗಲ್ಲಕ್ಕೆ ಕಡುನೀಲಿ. ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ಅರ್ಧಕ್ಕೆ ಬೆಳಕು, ಇನ್ನರ್ಧ ಕತ್ತಲಲ್ಲಿ ಬೂದು. ಹತ್ತು ದಿನ ಉಸಿರು ಬಿಗಿಹಿಡಿದು ಮಾಡಿದ ಕೆಲಸ.

ಆ ಹಿರಿಯರ ಮಗಳು, ವಯಸ್ಸಾದ ಹೆಂಗಸು, ಗೊಂಬೆಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. "ಯಾಕಪ್ಪ, ಬಣ್ಣ ಖಾಲಿಯಾಗೋಯ್ತಾ?" ಎಂದರು.

ಬೆಳಕು ಒಂದೇ ಕಡೆಯಿಂದ ಬೀಳುತ್ತದೆ, ಆದ್ದರಿಂದ ಇನ್ನೊಂದು ಕಡೆ ಕತ್ತಲೆ ಎಂದೆ. ಹಾಗಾದರೆ ಎಡಗೈಗೂ ಒಂದು ಲಾಟೀನು ಕೊಟ್ಟುಬಿಡಿ ಎಂದರು. ನನಗೆ ಕೋಪ ಬಂತು. ಯಾರಾದರೂ ಎರಡು ಲಾಟೀನು ಹಿಡಿದು ಓಡಾಡುತ್ತಾರಾ ಎಂದು ಕೇಳಿದೆ. ಆಕೆಗೂ ಕೋಪ ಬಂತು. "ನಮ್ಮಪ್ಪ ಅರ್ಧ ವಿಭೂತಿ ಹಚ್ಕಂಡು ಒಂದಿನಾನೂ ಹೊಸ್ಲು ದಾಟಿದೋರಲ್ಲ" ಎಂದರು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಬರುವಷ್ಟರಲ್ಲಿ ಆಕೆ ಕೆಲಸ ಮುಗಿಸಿದ್ದರು. ಮನೆಯಲ್ಲಿ ಬರಹ ಅಳಿಸಲು ಇಟ್ಟಿದ್ದ ವೈಟ್ನರ್ ತೆಗೆದು ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಮೂರು ಗೆರೆ ಎಳೆದಿದ್ದರು.

ನನ್ನ ಕಸುಬಿನ ಒಂದೇ ಒಂದು ಕಾಯಿದೆ ಏನೆಂದರೆ, ಗೊಂಬೆಯಲ್ಲಿ ಯಾವುದು ಎಲ್ಲಕ್ಕಿಂತ ಬೆಳ್ಳಗಿದೆಯೋ ಅದೇ ದೀಪ. ನಾನು ನೋಡುತ್ತಿದ್ದಂತೆ ಲಾಟೀನು ಆರಿತು, ಹಣೆ ಹೊತ್ತಿಕೊಂಡಿತು. ಲಾಟೀನಿಗೆಂದು ಕುದುರೆಯ ಮೂತಿಗೆ ನಾನು ಹಚ್ಚಿದ್ದ ಬೆಳಕು ಈಗ ಹಿರಿಯರ ಹಣೆಯಿಂದ ಬರುತ್ತಿತ್ತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಕೈಮುಗಿದರು. ನಾನು ತಪ್ಪು ಹುಡುಕಿದೆ. ನನ್ನ ಕಾಯಿದೆಯ ಪ್ರಕಾರ ಒಂದೂ ಸಿಗಲಿಲ್ಲ.

ಆಕೆಗೆ ಮಾತ್ರ ಒಂದು ಸಿಕ್ಕಿತು. "ಈಗ ಆ ಲಾಟೀನು ಯಾತಕ್ಕೆ? ಸುಮ್ನೆ ಅಡ್ಡ. ತೆಗ್ದಾಕ್ಬುಡಿ."

೪. ಹುಲಿಯೂರುದುರ್ಗದ ಇಕ್ಕಳ

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನಾನೂ ಒಂದು ವೈಟ್ನರ್ ಕೊಂಡೆ. ಸೋತವನು ಗೆದ್ದವರ ಆಯುಧವನ್ನಾದರೂ ಇಟ್ಟುಕೊಳ್ಳಬೇಕು. ಅಲ್ಲಿಂದ ಹುಲಿಯೂರುದುರ್ಗದ ಬಸ್ಸು ಹತ್ತಿದೆ. ಅಲ್ಲಿ ಒಬ್ಬ ಕಮ್ಮಾರ ತನ್ನ ಕುಲುಮೆಯ ಗೊಂಬೆ ಮಾಡಿಕೊಡಲು ಹೇಳಿದ್ದ. ಕೆಂಡ, ಕಾದ ಕಬ್ಬಿಣ, ಅದನ್ನು ಬಡಿಯುವ ಕಮ್ಮಾರ, ಎಲ್ಲಾ ಸೇರಿ ಅಂಗೈಯಗಲ. ಅದು ಬಣ್ಣದ ಡಬ್ಬಿಗಳ ಜೊತೆ ನನ್ನ ಚೀಲದಲ್ಲಿತ್ತು.

ಅವನು ಮಾತು ಕಡಿಮೆಯ ಮನುಷ್ಯ. ಗೊಂಬೆಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ನೋಡಿ, "ಈ ಕಬ್ಣ ಬಗ್ಗಲ್ಲ" ಎಂದ.

ಇದು ಕಬ್ಬಿಣವಲ್ಲ, ಮಣ್ಣು ಎಂದೆ.

"ಮಣ್ಣಾದ್ರೂ ಬಗ್ಗಲ್ಲ. ಬರೀ ಕೆಂಪಗೈತೆ. ಈ ಕೆಂಪಿಗೆ ಹೊಡುದ್ರೆ ಸುತ್ಗೆ ವಾಪಸ್ ಬತ್ತದೆ."

ಕುಲುಮೆಯಿಂದ ಒಂದು ಸಲಾಕೆ ಎಳೆದು ತೋರಿಸಿದ. ಕಾದ ತುದಿ ಹೆಚ್ಚುಕಮ್ಮಿ ಬಿಳಿ. ಅದರಾಚೆ ಹಳದಿ, ಆಮೇಲೆ ಕಿತ್ತಳೆ, ಕೆಂಪು ಕೊನೆಗೆ, ಅದರ ಹಿಂದೆ ಕಪ್ಪು. ನಾನು ಇಷ್ಟು ದಿನ ಕೆಂಪೇ ಬೆಂಕಿ ಎಂದುಕೊಂಡಿದ್ದೆ. ಅವನ ಜಗಲಿಯ ಮೇಲೆ ಕೂತು, ವೈಟ್ನರಿಗೆ ಹಳದಿ ಬೆರೆಸಿ, ಅವನು ತೋರಿಸಿದ ಕ್ರಮದಲ್ಲೇ ತಿದ್ದಿದೆ. ಮಣ್ಣಿನ ಕಮ್ಮಾರನ ಎದೆಗೂ ತೋಳಿಗೂ ಅದೇ ಬೆಳಕು ಎಳೆದೆ.

ಅವನು ಬಗ್ಗಿ ನೋಡಿದ. ತಲೆಯಾಡಿಸಿದ. ಆಮೇಲೆ ಗೊಂಬೆಯನ್ನು ಇಕ್ಕಳದಲ್ಲಿ ಹಿಡಿದು ತೆಗೆದುಕೊಂಡು ಹೋಗಿ ಒಳಗಿನ ಗೂಡಿನಲ್ಲಿಟ್ಟ. ನನ್ನನ್ನು ಆಡಿಕೊಳ್ಳುತ್ತಿದ್ದನೋ, ನಿಜವಾಗಿಯೂ ಹೆದರಿದನೋ, ಮುಖ ನೋಡಿ ಹೇಳಲಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಕುಲುಮೆಯಲ್ಲಿ ಇನ್ನೂ ಸಲಾಕೆಗಳಿದ್ದವು.

೫. ಸಾಕ್ಷಿ

ಇಷ್ಟೆಲ್ಲಾ ಕಲಿತ ಮೇಲೆ ನಾನು ನಮ್ಮ ತಿರುವಿನ ಗೊಂಬೆ ಮಾಡಿದೆ. ಚಪ್ಪಲಿ ಡಬ್ಬದ ಮುಚ್ಚಳದಷ್ಟು ಜಾಗ. ಸೈಕಲ್ ಕಡ್ಡಿಯ ಕಂಬ, ಬಾಯ್ತೆರೆದ ಮೋರಿ, ಪಾಚಿ ಹಿಡಿದ ಗೋಡೆ. ಕಂಬದ ತುದಿಯಲ್ಲಿ ದೀಪ. ಕಮ್ಮಾರ ತೋರಿಸಿದಂತೆ ನಡುವೆ ಬಿಳಿ, ಸುತ್ತ ಹಳದಿ. ಸುತ್ತಲ ಬೀದಿಗೆಲ್ಲ ಕತ್ತಲೆ. ದೀಪದ ಕೆಳಗೆ ಹೂವಿನ ಬುಟ್ಟಿ ಹೊತ್ತ ಹೆಬ್ಬೆರಳುದ್ದದ ಹೂವಿನಮ್ಮ. ಬೆಳಕು ಅವರ ಬುಟ್ಟಿಯ ಮೇಲೆ, ಭುಜದ ಮೇಲೆ, ಮೋರಿಯ ಅಂಚಿನ ಮೇಲೆ.

ಮೊದಲು ಅವರಿಗೇ ತೋರಿಸಿದೆ. ಮುಖ ಅರ್ಧ ಕಪ್ಪಗಿದೆ ಎನ್ನುತ್ತಾರೆ ಎಂದು ಕಾದೆ. ಅವರು ಮುಖವನ್ನು ನೋಡಲೇ ಇಲ್ಲ, ಕಾಲನ್ನು ನೋಡಿದರು.

"ಮೋರಿ ಕಾಣ್ತಾ ಐತಲ್ಲಪ್ಪ. ಹಿಂಗಿದ್ದಿದ್ರೆ ನಾನ್ಯಾಕ್ ಬೀಳ್ತಿದ್ದೆ?"

ಲೈನ್‌ಮನ್ ಹೇಳಿದಂತೆ ಫೋಟೋ ತೆಗೆಸಿದೆ. ಹಿಂಭಾಗದಲ್ಲಿ ದಪ್ಪಕ್ಷರದಲ್ಲಿ, "ದೀಪ ಹಾಕಿದರೆ ನಮ್ಮ ಬೀದಿ ಹೀಗಿರುತ್ತದೆ, ಇದು ಮಣ್ಣಿನ ಮಾದರಿ" ಎಂದು ಬರೆದೆ. ನಾಲ್ಕನೆಯ ಅರ್ಜಿಯ ಜೊತೆ ಕೊಟ್ಟೆ. ನಾಲ್ಕೇ ದಿನಕ್ಕೆ, ರಾತ್ರಿ ಹೊತ್ತು, ಮೊಬೈಲಿಗೆ ಸಂದೇಶ ಬಂತು. ದೂರು ಪರಿಹಾರವಾಗಿದೆ. ನಾನು ಚಪ್ಪಲಿ ಹಾಕದೆ ತಿರುವಿಗೆ ಓಡಿದೆ. ಕತ್ತಲೆ ಹಾಗೇ ಇತ್ತು. ಓಡಿದ ರಭಸಕ್ಕೆ ಮೋರಿಗೆ ಒಂದು ಕಾಲು ಹೋಯಿತು.

ಮಾರನೆಯ ದಿನ ಆಫೀಸಿಗೆ ನುಗ್ಗಿದೆ. ಗುಮಾಸ್ತ ಶಾಂತವಾಗಿ ಫೈಲು ತೆಗೆದ. ನನ್ನ ಫೋಟೋವನ್ನು ಗೋಂದು ಹಾಕಿ ಹಾಳೆಗೆ ಅಂಟಿಸಿದ್ದರು. ಹಿಂಭಾಗದ ನನ್ನ ಬರಹ ಗೋಂದಿನ ಕೆಳಗೆ ಸಮಾಧಿಯಾಗಿತ್ತು. ಫೋಟೋದ ಕೆಳಗೆ ಸಾಹೇಬರ ಷರಾ ಇತ್ತು: "ಸ್ಥಳದ ಛಾಯಾಚಿತ್ರ ಪರಿಶೀಲಿಸಲಾಯಿತು. ದೀಪ ಉರಿಯುತ್ತಿದೆ. ವಯಸ್ಸಾದ ಮಹಿಳೆಯೊಬ್ಬರು ನಿರ್ಭಯವಾಗಿ ಸಂಚರಿಸುತ್ತಿರುವುದು ಕಂಡುಬಂದಿದೆ. ದೂರು ಮುಕ್ತಾಯ."

ಸಾಹೇಬರ ಕೋಣೆಗೆ ಹೋದೆ. ಸಾರ್, ಈ ಹೆಂಗಸು ಮಣ್ಣಿನವಳು ಎಂದೆ. ಅವರು ಕನ್ನಡಕ ಏರಿಸಿ ಫೋಟೋ ನೋಡಿ, ನನ್ನನ್ನು ನೋಡಿ, "ಕೊನೇಗೆ ಎಲ್ರೂ ಅಷ್ಟೇ ಬಿಡಿ" ಎಂದರು.

ದೀಪ ಉರಿಯುತ್ತಿಲ್ಲ ಎಂದು ಮೇಜು ಗುದ್ದಿದೆ. ಉರಿಯುತ್ತಿಲ್ಲ ಎನ್ನುವುದಕ್ಕೆ ಫೋಟೋ ತನ್ನಿ ಎಂದರು. ಸಂಜೆ ಏಳಕ್ಕೆ ತೆಗೆದು ಮಾರನೆಯ ದಿನ ಕೊಟ್ಟೆ. ಹಾಳೆ ಪೂರ್ತಿ ಕಪ್ಪು. ಇದರಲ್ಲಿ ಕಂಬವೇ ಕಾಣಿಸುತ್ತಿಲ್ಲ, ಯಾವ ಕಂಬ ಅಂತ ನಂಬೋದು, ಕಂಬ ಕಾಣುವಂತೆ ತನ್ನಿ ಎಂದರು. ಫ್ಲಾಶ್ ಹಾಕಿ ತೆಗೆದುಕೊಂಡು ಹೋದೆ. ಕಂಬ ಬುಡದಿಂದ ತುದಿವರೆಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಇಷ್ಟ್ ಬೆಳಕಿದೆಯಲ್ರೀ. ಇನ್ನೆಷ್ಟ್ ಬೇಕು ನಿಮಗೆ?"

ಇಪ್ಪತ್ತು ವರ್ಷ ಜಗಳ ಆಡಿದ ನಾನು ಆ ಫೋಟೋವನ್ನು ಮಡಚಿ ಜೇಬಿಗಿಟ್ಟೆ. ನಾನು ಬೆಳಕಿನ ಕೆಲಸದವನು. ಬೆಳಕನ್ನು ಬರೆದು ಜನರನ್ನು ನಂಬಿಸಬಲ್ಲೆ. ಕತ್ತಲೆಯನ್ನು ಸಾಬೀತು ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ, ಮೊಬೈಲಿನಲ್ಲೂ ಇಲ್ಲ.

ನನ್ನ ಮುಖ ನೋಡಿ ಸಾಹೇಬರಿಗೇ ಕನಿಕರ ಬಂದಿರಬೇಕು. ಒಂದು ದಾರಿ ಹೇಳಿದರು. ದೂರು ಕೊಟ್ಟವನೂ ಅವನ ಮನೆಯವರೂ ಅಲ್ಲದ ಐದು ಜನ, ಕತ್ತಲಾದ ಮೇಲೆ ಆ ಕಂಬದ ಕೆಳಗೆ ನಿಂತು, ದೀಪ ಉರಿಯುತ್ತಿಲ್ಲ ಎಂಬ ಕಾಗದಕ್ಕೆ ಅಲ್ಲೇ ರುಜು ಹಾಕಬೇಕು. ಹಾಗಾದರೆ ದೂರನ್ನು ಮತ್ತೆ ತೆರೆಯುತ್ತಾರೆ.

ಎದುರುಮನೆಯಾಕೆಯನ್ನು ಕೇಳಿದೆ. ನಾದಿನಿಯ ಕೆಲಸ ಮಾಡಿಕೊಟ್ಟರೆ ಹಾಕುತ್ತೇನೆ ಎಂದಳು. ಹಾಲಿನವನು ನಾಳೆ ಎಂದ, ಅವನ ನಾಳೆ ಇನ್ನೂ ಬಂದಿಲ್ಲ. ಕೇಳದೆಯೇ ಬಂದವರು ಒಬ್ಬರೇ. ನಿನ್ನೆ ಸಂಜೆ ಹೂವಿನಮ್ಮ ಒಂದು ಕೈಯಲ್ಲಿ ಗೋಡೆ ಹಿಡಿದು, ಕಾಲಿನಲ್ಲಿ ಮೋರಿ ತಡವುತ್ತ, ಬಿದ್ದ ದಿನದಿಂದ ಮೊದಲ ಸಲ ಆ ತಿರುವಿಗೆ ಬಂದು ನಿಂತರು. ಕಾಗದ ಎಲ್ಲಿದೆ ಎಂದು ಕೇಳಿದರು. ಕೈಗೆ ಕೊಟ್ಟೆ. ಸಾಲು ಎಲ್ಲಿದೆ ಎಂದು ಕೇಳಿದರು. ನನಗೂ ಕಾಣುತ್ತಿರಲಿಲ್ಲ. ಮುರಿದು ಕೂಡಿದ ಅದೇ ಬಲಗೈಯಲ್ಲಿ ಬರೆದರು. ಮನೆಗೆ ಬಂದು ದೀಪದಲ್ಲಿ ನೋಡಿದೆ. ಹೆಸರಿನ ಮೊದಲ ಅಕ್ಷರ ಕಾಗದದ ಮೇಲಿತ್ತು. ಉಳಿದದ್ದು ನನ್ನ ಅಂಗಿಯ ತೋಳಿನ ಮೇಲಿತ್ತು.

ಇನ್ನು ನಾಲ್ಕು ರುಜು ಬೇಕು. ಇದನ್ನು ಓದುತ್ತಿರುವ ನೀವು ತುಮಕೂರಿನಲ್ಲೇ ಇದ್ದರೆ ಇವತ್ತು ಸಂಜೆ ಏಳಕ್ಕೆ ಮರಳೂರಿನ ನಮ್ಮ ತಿರುವಿಗೆ ಬನ್ನಿ. ಗುರುತು ಕೇಳಬೇಡಿ, ಎಲ್ಲಿ ಏನೂ ಕಾಣುವುದಿಲ್ಲವೋ ಅದೇ ಜಾಗ. ಪೆನ್ನು ತನ್ನಿ, ಟಾರ್ಚು ತರಬೇಡಿ. ರುಜು ಸೊಟ್ಟಗಾದರೆ ಆಗಲಿ, ಸೊಟ್ಟಗಾದಷ್ಟೂ ಸಾಕ್ಷಿ ಗಟ್ಟಿ. ಬನ್ನಿ, ಕತ್ತಲಲ್ಲಿ ನಿಂತು ಹಾಕಿ.